ಮಾವನವರ ಟಬ್ಬು, ಅತ್ತೆಯವರ ಬಾನಿ

ನಮ್ಮ ಮನೆಗೆ ಬಂದವರಿಗೆ ಕಾಫಿ ಕೊಡುವಾಗ ಲೋಟದ ಕೆಳಗೆ ಒಂದು ಬಿಳಿ ಬಿಲ್ಲೆ ಇಡುತ್ತೇನೆ. ಚಕ್ಕುಲಿಯಷ್ಟು ಅಗಲ, ನುಣ್ಣಗಿದೆ, ಮುಟ್ಟಿದರೆ ತಣ್ಣಗೂ ಇಲ್ಲ ಬೆಚ್ಚಗೂ ಇಲ್ಲ. ಬಂದವರು ಕಾಫಿ ಮುಗಿಸಿ ಅದನ್ನು ತಿರುಗಿಸಿ ನೋಡಿ, ಮಾರ್ಬಲ್ಲಾ ಎಂದು ಕೇಳುತ್ತಾರೆ. ಅಲ್ಲ ಎಂದರೆ ಪಿಂಗಾಣಿಯಾ ಎನ್ನುತ್ತಾರೆ. ಒಬ್ಬರಂತೂ ಆನೆಯ ದಂತವಿರಬಹುದೆಂದು ಅನುಮಾನಪಟ್ಟು, ಪೊಲೀಸರು ಬಂದಾರೆಂಬಂತೆ ಮೆಲ್ಲಗೆ ಕೆಳಗಿಟ್ಟು ಕೈ ಒರೆಸಿಕೊಂಡರು. ನಿಜ ಹೇಳಬೇಕೆಂದರೆ ಅದೊಂದು ತೂತು. ನಮ್ಮ ಬಚ್ಚಲ ಗೋಡೆಯ ಹಲಗೆಯಲ್ಲಿ ನಲ್ಲಿ ಹೊರಗೆ ಬರಲೆಂದು ಕೊರೆದಾಗ ಉದುರಿ ಬಿದ್ದ ತುಂಡು. ತೂತು ಗೋಡೆಯಲ್ಲೇ ಉಳಿಯಿತು, ತೂತಿನ ಒಳಗಿದ್ದದ್ದು ನನ್ನ ಕಾಫಿ ಲೋಟದ ಕೆಳಗೆ ಬಂತು. ಅದರ ಅಂಚಿನಲ್ಲಿ ಒಂದು ಹಳದಿ ಕಲೆಯಿದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಬಂದವರು ಅದನ್ನು ಕಾಫಿ ಕಲೆಯೆಂದು ತಿಳಿದು ನನ್ನ ಮನೆವಾಳ್ತನದ ಬಗ್ಗೆ ಒಂದು ತೀರ್ಮಾನಕ್ಕೆ ಬಂದು ಹೋಗುತ್ತಾರೆ.

ಈ ಬಿಲ್ಲೆಯ ವಿಷಯ ಹೇಳಲು ಹೊರಟರೆ ಬಚ್ಚಲ ವಿಷಯ ಹೇಳಬೇಕು. ಬಚ್ಚಲ ವಿಷಯಕ್ಕೆ ಹೋದರೆ ನನ್ನ ಮದುವೆಯ ವಿಷಯ ಬರುತ್ತದೆ. ನಿಮಗೇನೂ ಅವಸರವಿಲ್ಲ ಎಂದುಕೊಂಡಿದ್ದೇನೆ.

ನಾನು ಜಯನಗರದ ಒಂದು ಬಾಡಿಗೆ ಮನೆಯಲ್ಲಿ ಬೆಳೆದವಳು. ನಮ್ಮ ಬಚ್ಚಲು ಎಷ್ಟು ಕಿರಿದಾಗಿತ್ತೆಂದರೆ ಯಾವ ಕಡೆ ಮುಖ ಮಾಡಿ ಸ್ನಾನ ಮಾಡುವುದೆಂದು ಒಳಗೆ ಹೋಗುವ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕಿತ್ತು. ಹೋದ ಮೇಲೆ ಮನಸ್ಸು ಬದಲಾಯಿಸಲು ಜಾಗವಿರಲಿಲ್ಲ. ಸೋಪು ಕೈಜಾರಿದರೆ ಬಗ್ಗಿ ಎತ್ತಿಕೊಳ್ಳಲು ಬಾಗಿಲು ತೆರೆಯಬೇಕು. ಬಾಗಿಲ ಹೊರಗೆ ತಾತ ರೇಡಿಯೋ ಹಿಡಿದು ಕೂತಿರುತ್ತಿದ್ದರು. ಹಾಗಾಗಿ ಜಾರಿದ ಸೋಪಿನ ಆಸೆ ಬಿಟ್ಟು ಬರೀ ನೀರು ಹುಯ್ದುಕೊಂಡು ಹೊರಗೆ ಬರುತ್ತಿದ್ದೆ. ನನ್ನ ಬಾಲ್ಯದ ಅರ್ಧದಷ್ಟು ಸ್ನಾನಗಳು ಹೀಗೆ ಸೋಪಿಲ್ಲದವು.

ಇಂಥ ನನಗೆ ತೊಂಬತ್ತರ ದಶಕದ ಕೊನೆಯಲ್ಲಿ ಹುಳಿಮಾವಿನ ಸಂಬಂಧ ಬಂತು. ಹುಡುಗನ ಮನೆ ನೋಡಿಕೊಂಡು ಬರಲು ನಮ್ಮ ಚಿಕ್ಕಮ್ಮನನ್ನು ಕಳಿಸಿದ್ದರು. ಚಿಕ್ಕಮ್ಮ ಬಂದವಳೇ ಹುಡುಗನ ಎತ್ತರ, ಬಣ್ಣ, ಕೆಲಸ ಎಲ್ಲ ಮರೆತು, ಅವರ ಮನೆಯಲ್ಲಿ ಬಾತ್ ಟಬ್ ಇದೆಯೆಂದು ಪಿಸುಗುಟ್ಟಿದಳು. ಬಾತ್ ಟಬ್ಬನ್ನು ನಾನು ಅದುವರೆಗೆ ಸಿನಿಮಾದಲ್ಲಿ ಮಾತ್ರ ನೋಡಿದ್ದೆ. ಅದರಲ್ಲಿ ನೊರೆ ಇರುತ್ತಿತ್ತು, ನೊರೆಯ ನಡುವೆ ನಾಯಕಿಯ ಒಂದು ಕಾಲು ಕಾಣಿಸುತ್ತಿತ್ತು. ಹುಡುಗನನ್ನು ನೋಡುವ ಮೊದಲೇ ನಾನು ಮುಕ್ಕಾಲು ಒಪ್ಪಿಯಾಗಿತ್ತು. ಉಳಿದ ಕಾಲು ಭಾಗ ಅವರನ್ನು ನೋಡಿದ ಮೇಲೆ ಒಪ್ಪಿದೆ. ಈ ಲೆಕ್ಕವನ್ನು ನನ್ನವರಿಗೆ ಇಂದಿಗೂ ಹೇಳಿಲ್ಲ. ಅವರು ಲಲಿತ ಪ್ರಬಂಧ ಓದುವವರಲ್ಲವಾದ್ದರಿಂದ ಇಲ್ಲಿ ಬರೆಯಲು ಭಯವಿಲ್ಲ.

ಮದುವೆಯಾಗಿ ಬಂದ ಮಾರನೆಯ ದಿನ ಜಯನಗರದಿಂದ ತಂದಿದ್ದ ನೊರೆಯ ಬಾಟಲಿ ಹಿಡಿದುಕೊಂಡು ಬಚ್ಚಲ ಬಾಗಿಲು ತೆರೆದೆ. ಟಬ್ಬು ಇತ್ತು. ಮೇಲೆ ಪ್ಲೈವುಡ್ಡಿನ ಮುಚ್ಚಳವಿತ್ತು. ಮುಚ್ಚಳದ ಮೇಲೆ ಒಣಹಾಕಿದ ಹುಣಸೆಹಣ್ಣು, ಒಂದು ಮೊರ, ಎರಡು ಸೀಮೆಎಣ್ಣೆ ಡಬ್ಬ. ಮುಚ್ಚಳ ಸರಿಸಿದರೆ ಒಳಗೆ ಕಂಠಪೂರ್ತಿ ನೀರು. ಸ್ನಾನಕ್ಕಲ್ಲ, ಮನೆಬಳಕೆಗೆ. ಆಗ ಆ ಕಡೆಗೆಲ್ಲ ನಲ್ಲಿಯ ನೀರು ಬಂದಿರಲಿಲ್ಲ. ಬೋರ್‌ವೆಲ್ಲಿಗೆ ಕರೆಂಟಿದ್ದಾಗ ಹಿಡಿದದ್ದೇ ನೀರು. ಟಬ್ಬಿನ ಪಕ್ಕದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲಿತ್ತು. ಮನೆಯವರೆಲ್ಲ ಆ ಸ್ಟೂಲಿನ ಮೇಲೆ ಕೂತು, ಟಬ್ಬಿನಿಂದ ಚೊಂಬಿನಲ್ಲಿ ನೀರು ತೋಡಿ ತಲೆಗೆ ಹುಯ್ದುಕೊಳ್ಳುತ್ತಿದ್ದರು. ಊಟದೆಲೆಯ ಮುಂದೆ ಕೂತು ಹಿಟ್ಟು ಮುಕ್ಕಿದ ಹಾಗೆ. ನನ್ನ ನೊರೆಯ ಬಾಟಲಿಯನ್ನು ಅತ್ತೆ ಇಸಿದುಕೊಂಡು ಅದರಲ್ಲಿ ತಮ್ಮ ರೇಷ್ಮೆ ಸೀರೆಗಳನ್ನು ಒಗೆದರು. ಸೀರೆ ಚೆನ್ನಾಗಿ ಬಂತೆಂದು ಹೊಗಳಿದರು ಕೂಡ.

ಟಬ್ಬು ಬಂದ ಕತೆ ಮನೆಯಲ್ಲಿ ಎಲ್ಲರ ಬಾಯಲ್ಲೂ ಇತ್ತು. ನಮ್ಮ ಮಾವನವರದು ಹುಳಿಮಾವಿನ ಹಳೆಯ ಒಕ್ಕಲುತನದ ಮನೆ. ಕೆರೆಯ ಕೆಳಗೆ ರಾಗಿ, ಹೂವು ಬೆಳೆಯುತ್ತಿದ್ದ ಜಮೀನು ಲೇಔಟಾದ ಮೇಲೆ ಹಟ್ಟಿ ಕೆಡವಿ, ಕೊಟ್ಟಿಗೆ ಕೆಡವಿ, ಕೆಳಗೆ ತಮಗೊಂದು ಮನೆ, ಮೇಲೆ ಬಾಡಿಗೆಗೆ ನಾಲ್ಕಾರು ಮನೆ ಕಟ್ಟಿಸಿದರು. ಹಳೆಯ ತೇಗದ ಬಾಗಿಲು ಸಿಗುತ್ತದೆಂದು ಕಂಟೋನ್ಮೆಂಟಿನಲ್ಲಿ ಒಡೆಯುತ್ತಿದ್ದ ಬಂಗಲೆಯೊಂದಕ್ಕೆ ಹೋದವರು ಬಾಗಿಲು ಬಿಟ್ಟು ಟಬ್ಬು ಹೇರಿಕೊಂಡು ಬಂದರು. ಟೆಂಪೋದಿಂದ ಇಳಿಸುವಾಗ ಊರಿನವರೆಲ್ಲ ಸೇರಿದ್ದರಂತೆ. ಗೃಹಪ್ರವೇಶದ ದಿನ ಬಂದ ಒಬ್ಬ ಅಜ್ಜಿ ಅದನ್ನು ಯಾವುದೋ ತೀರ್ಥವೆಂದು ತಿಳಿದು ಒಳಗೊಂದು ಕಾಸು ಹಾಕಿ ಕಣ್ಣಿಗೆ ಒತ್ತಿಕೊಂಡಿದ್ದರಂತೆ. ಗಾರೆಯವನು ಅಂಥದ್ದನ್ನು ಕೂರಿಸಿದವನಲ್ಲ. ಸುತ್ತ ಕಟ್ಟೆ ಕಟ್ಟಿ, ಮೂರು ಕಡೆ ಗೋಡೆಗೆ ಗುಲಾಬಿ ಹೂವಿನ ನೀಲಿ ಟೈಲ್ಸು ಮೆತ್ತಿದ. ಒಂದು ಗುಲಾಬಿಯನ್ನು ತಲೆಕೆಳಗಾಗಿ ಮೆತ್ತಿದ್ದ. ನಾನು ಸ್ನಾನ ಮಾಡಿದಷ್ಟು ಕಾಲವೂ ಅದನ್ನೇ ನೋಡಿಕೊಂಡು ಮಾಡಿದೆ.

ಹೊಸ ಮನೆಗೆ ಬಂದ ವಾರ ಮಾವನವರು ಟಬ್ಬಿಗೆ ನೀರು ತುಂಬಿಸಿ, ಹೆಗಲಿಗೆ ಟವೆಲು ಹಾಕಿ, ಒಂದು ಕಾಲು ಎತ್ತಿದ್ದರಂತೆ. ಅಷ್ಟರಲ್ಲಿ ಅತ್ತೆ ಬಂದರು. ನಿಂತ ನೀರಿನಲ್ಲಿ ಮಲಗುವುದು ಎಮ್ಮೆ, ಮನುಷ್ಯನಲ್ಲ ಎಂದರು. ಅಷ್ಟೇ ಹೇಳಿದ್ದು. ಎತ್ತಿದ ಕಾಲು ಕೆಳಗಿಳಿಯಿತು. ಅತ್ತೆ ಟಬ್ಬು ಎಂಬ ಮಾತನ್ನು ಎಂದೂ ಬಾಯಲ್ಲಿ ಆಡಲಿಲ್ಲ. ಅದು ಅವರಿಗೆ ಬಾನಿ. ಕಲಗಚ್ಚು ಹುಯ್ಯುವ, ಎಮ್ಮೆ ಮೂತಿಯಿಟ್ಟು ಕುಡಿಯುವ ಬಾನಿ. ಬಾನಿಗೆ ನೀರು ಬಿಡಮ್ಮ, ಬಾನಿ ಮುಚ್ಚಮ್ಮ ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮಾವನವರ ಮುಖ ಸಣ್ಣಗಾಗುತ್ತಿತ್ತು. ಬಾಡಿಗೆಯವರ ಮುಂದೆ ಅವರು ಎಷ್ಟೇ ಗತ್ತಿನಿಂದ ಇದ್ದರೂ ಅವರಿಗೆ ಇದ್ದದ್ದು ಒಂದೇ ಆಸೆ: ತಾವೇ ತಂದ ಟಬ್ಬಿನಲ್ಲಿ ಒಂದು ಸಲ ಮಲಗಿ ಸ್ನಾನ ಮಾಡಬೇಕು. ಅದೂ ಕಳ್ಳತನದಲ್ಲಲ್ಲ, ಹೆಂಡತಿ ಒಪ್ಪಿ. ಮನೆಯಲ್ಲಿ ಯಾರೂ ಇಲ್ಲದಾಗ ಮಾಡಿಬಿಡಿ ಎಂದು ನನ್ನವರು ಒಮ್ಮೆ ಹೇಳಿದ್ದಕ್ಕೆ, ನನ್ನ ಮನೆಯಲ್ಲಿ ನಾನೇ ಕಳ್ಳನಾ ಎಂದು ರೇಗಿದ್ದರು.

ಹೀಗೆ ವರ್ಷಗಳು ಸ್ಟೂಲಿನ ಮೇಲೆ ಕಳೆದವು. ಟಬ್ಬು ಮಾತ್ರ ಸುಮ್ಮನಿರಲಿಲ್ಲ. ಅವರೆಕಾಯಿ ಕಾಲದಲ್ಲಿ ಇಡೀ ಬೀದಿಯ ಹಿತಕವರೆ ಅದರಲ್ಲಿ ನೆನೆಯಿತು. ಗೌರಿ ಗಣೇಶ ಬಂದಾಗ ಬಾಡಿಗೆಯವರೆಲ್ಲ ತಮ್ಮ ತಮ್ಮ ಗಣಪತಿಯನ್ನು ತಂದು ಅದರಲ್ಲೇ ಬಿಟ್ಟರು. ಬಾಣಂತನಕ್ಕೆ ಬಂದ ನೆಂಟರ ಹುಡುಗಿಯ ಬಟ್ಟೆ ನೆನೆಯಿತು, ಯಾರದೋ ಮದುವೆಗೆ ಇಡ್ಲಿಯ ಅಕ್ಕಿ ನೆನೆಯಿತು. ಅದರಲ್ಲಿ ನೆನೆಯದೆ ಉಳಿದವರೆಂದರೆ ಮಾವನವರೊಬ್ಬರೇ.

ಎರಡು ಸಾವಿರದ ಐದೋ ಆರೋ ಇರಬೇಕು, ದಸರೆ ಮುಗಿದ ಸಮಯ. ಮಾವನವರು ಸ್ಟೂಲಿನ ಮೇಲೆ ಕೂತು ಮುಖಕ್ಕೆ ಸೋಪು ಹಚ್ಚಿಕೊಂಡಿದ್ದಾಗ ಒಂದು ಟೈಲು ಗೋಡೆ ಬಿಟ್ಟು ಟಬ್ಬಿಗೆ ಬಿತ್ತು. ಮಾರನೆಯ ದಿನ ಇನ್ನೊಂದು. ಆಮೇಲೆ ಹಪ್ಪಳದಂತೆ ಒಂದೊಂದಾಗಿ ಎದ್ದುಬಂದವು. ಗೋಡೆಯೇ ಬೇಡ ಎನ್ನುತ್ತಿದೆ ಎಂದರು ಅತ್ತೆ. ಬಾನಿಯನ್ನು ಕಿತ್ತು ಹಿತ್ತಲಿಗೆ ಹಾಕಿಸುವುದು, ಅದರಲ್ಲಿ ಮಣ್ಣು ತುಂಬಿ ಕನಕಾಂಬರ ಬೆಳೆಯುವುದು, ಬಚ್ಚಲಿಗೆ ಕಲ್ಲು ಹಾಸಿಸಿ ತಮ್ಮ ಹಳೆಯ ತಾಮ್ರದ ಹಂಡೆ ತಂದು ಕೂರಿಸುವುದು ಎಂದು ಅಲ್ಲೇ ನಿಂತು ತೀರ್ಮಾನಿಸಿದರು. ಆ ಕನಕಾಂಬರದ ಬಗ್ಗೆ ಅವರು ಎಷ್ಟು ವಿವರವಾಗಿ ಹೇಳಿದರೆಂದರೆ ಬಹುದಿನಗಳಿಂದ ಯೋಚಿಸಿಟ್ಟಿದ್ದರೆಂದು ನಮಗೆಲ್ಲ ಗೊತ್ತಾಯಿತು.

ಮಾವನವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬೆಳಗ್ಗೆ ಗರಿಗರಿ ಪಂಚೆ ಉಟ್ಟು ಜೆ.ಪಿ. ನಗರದ ಕಡೆ ಹೋದವರು ಒಂದು ಬಣ್ಣದ ಪುಸ್ತಿಕೆ ಹಿಡಿದು ಬಂದರು. ಅದರಲ್ಲಿ ಹಾಲಿನ ಬಣ್ಣದ ಗೋಡೆ, ಒಂದು ಗೆರೆಯಿಲ್ಲ, ಒಂದು ಸಂದಿಲ್ಲ. ಟೈಲ್ಸಿನಂತೆ ತುಂಡು ತುಂಡಲ್ಲ, ಗೋಡೆಗೊಂದೇ ಹಲಗೆ; ಅಂಟು ಹಾಕಿ ನಿಲ್ಲಿಸಿಬಿಡುತ್ತಾರೆ; ನೀರು ಹಿಂದೆ ಹೋಗುವ ಮಾತೇ ಇಲ್ಲ. ಸಾಲಿಡ್ ಸರ್ಫೇಸ್ ಎಂದು ಅದರ ಹೆಸರು. ಮಾವನವರ ಬಾಯಲ್ಲಿ ಅದು ಸಾಲಿಡ್ ಸರ್ವೀಸು ಎಂದಾಯಿತು. ನಮ್ಮ ಮನೆಗೆ ಸಾಲಿಡ್ ಸರ್ವೀಸು ಹಾಕಿಸುತ್ತಿದ್ದೇನೆ ಎಂದು ಅವರು ಬೀದಿಯಲ್ಲಿ ಹೇಳಿಕೊಂಡು ಬಂದದ್ದರ ಫಲವಾಗಿ, ಮೂಲೆಮನೆಯವರು ತಮ್ಮ ಸ್ಕೂಟರು ತಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿ, ಆಯಿಲು ಬದಲಾಯಿಸಬೇಕಿತ್ತು ಎಂದರು. ಮೇಲಿನ ಮನೆಯ ಹುಡುಗರಿಗಂತೂ ಸಾಲಿಡ್ ಎನ್ನುವುದು ಉಸಿರಾಡಿದಷ್ಟು ಸಲೀಸಾದ ಮಾತು. ಮೆಟ್ಟಿಲಿಳಿಯುವಾಗಲೆಲ್ಲ, ಸಾಲಿಡ್ ಅಂಕಲ್, ಎನ್ನುತ್ತಿದ್ದರು. ಮಾವನವರು ಅದನ್ನು ಗೋಡೆಯ ಬಗ್ಗೆ ಬಂದ ಮೆಚ್ಚುಗೆಯೆಂದೇ ತೆಗೆದುಕೊಂಡರು.

ಅತ್ತೆ ಪುಸ್ತಿಕೆಯನ್ನು ದೂರದಿಂದ ನೋಡಿದರು. ಗೆರೆಯೇ ಇಲ್ಲದ ಗೋಡೆ ಬೋಳುಬೋಳಾಗಿದೆ ಎಂದರು. ಆಮೇಲೆ ಒಂದು ಕರಾರು ಹಾಕಿದರು.

"ನೀರ್ ತುಂಬೋ ಹಬ್ಬದೊತ್ಗೆ ನನ್ ಬಚ್ಚಲು ನಂಗೆ ಬಂದ್ರೆ ಸರಿ. ಇಲ್ದಿದ್ರೆ ಬಾನಿ ಹಿತ್ತಲಿಗೆ."

ದೀಪಾವಳಿಯ ಮೊದಲ ಸಂಜೆ ನೀರು ತುಂಬುವ ಹಬ್ಬ. ನಮ್ಮಲ್ಲಿ ದೇವರ ಮನೆಗಿಂತ ಬಚ್ಚಲ ಮನೆಗೆ ಮರ್ಯಾದೆ ಹೆಚ್ಚಾಗಿರುವ ದಿನವೆಂದರೆ ವರ್ಷದಲ್ಲಿ ಅದೊಂದೇ. ಹಂಡೆಯನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಅರಿಶಿನ ಕುಂಕುಮವಿಟ್ಟು, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಮಾರನೆಯ ಬೆಳಗ್ಗೆ ಮನೆಯವರಿಗೆಲ್ಲ ಆ ನೀರಿನಲ್ಲಿ ಎಣ್ಣೆ ಸ್ನಾನ. ಅತ್ತೆಯ ಪದ್ಧತಿಯಲ್ಲಿ ಮನೆಯ ಯಜಮಾನನ ತಲೆಗೆ ಮೊದಲ ನೀರು, ಅದೂ ನೀರು ತುಂಬಿದ ಜಾಗದಲ್ಲೇ. ಆಮೇಲೆ ಉಳಿದವರು ಬಕೆಟ್ಟಿನಲ್ಲಿ ತೋಡಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು.

ಕೆಲಸಕ್ಕೆ ಬಂದವನು ಶರಣಪ್ಪ. ಕೊಪ್ಪಳದ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಊರಿನ ಗೆಳೆಯರ ಜೊತೆ ಒಂದು ರೂಮಿನಲ್ಲಿದ್ದ. ಮಾತಿಗೆ ಮುಂದು, ಕೆಲಸಕ್ಕೆ ಸ್ವಲ್ಪ ಹಿಂದು. ಬಂದವನೇ ಬಚ್ಚಲಿಗೆ ಒಂದು ಸುತ್ತು ಹಾಕಿ, ಈ ದೋಣಿ ಬಾಳ ಛಲೋ ಐತ್ರಿ ಎಂದ. ಮಾವನವರು ಹಿಗ್ಗಿಹೋದರು. ದೋಣಿ! ಇಷ್ಟು ವರ್ಷದಲ್ಲಿ ತಮ್ಮ ಟಬ್ಬಿಗೆ ಒಬ್ಬ ಮನುಷ್ಯ ಸರಿಯಾದ ಹೆಸರಿಟ್ಟನಲ್ಲ ಎಂದು ಅವನಿಗೆ ಎರಡು ಸಲ ಕಾಫಿ ಕೊಡಿಸಿದರು. ಅಡುಗೆಮನೆಗೆ ಬಂದು, ಕೇಳಿಸ್ತಾ, ದೋಣಿಯಂತೆ, ಎಂದು ಅತ್ತೆಗೆ ಹೇಳಿ ಹೋದರು. ಅತ್ತೆ ಮಧ್ಯಾಹ್ನ ಶರಣಪ್ಪನಿಗೆ ಮುದ್ದೆ ಬಡಿಸುವಾಗ ನಿಮ್ಮ ಕಡೆ ದೋಣಿ ಅಂದರೆ ಏನಪ್ಪ ಎಂದು ಕೇಳಿದರು. ಬಾವಿ ಕಟ್ಟಿ ಬಾಜೂಕ ಕಲ್ಲಿನದು ಇರತೈತಲ್ರಿ, ದನಕ್ಕ ನೀರ ಕುಡಸೂದು, ಎಂದ ಆ ಪುಣ್ಯಾತ್ಮ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದರು. ನಾನು ಅವರ ಹಿಂದೆ ಓಡಿದೆ. ಅತ್ತೆ ಸೊಸೆ ಒಟ್ಟಿಗೆ ಅಷ್ಟು ನಕ್ಕದ್ದು ಅದೇ ಮೊದಲು. ಬಾಣಲೆಯಲ್ಲಿದ್ದ ಒಗ್ಗರಣೆ ಸೀದುಹೋಯಿತು.

ಟೈಲ್ಸು ಕಿತ್ತು ನೋಡಿದರೆ ಗೋಡೆ ತೊಪ್ಪೆ. ವರ್ಷಗಟ್ಟಲೆ ಸಂದಿಗಳಲ್ಲಿ ಇಳಿದ ನೀರು ಒಳಗೇ ಕೂತಿತ್ತು. ಗೋಡೆ ಪೂರ್ತಿ ಒಣಗದೆ ಅಂಟು ಹಿಡಿಯುವುದಿಲ್ಲ ಎಂದ ಶರಣಪ್ಪ. ಬೆಂಗಳೂರಿನ ದೀಪಾವಳಿ ನಿಮಗೆ ಗೊತ್ತಿರುವುದೇ. ಪಟಾಕಿ ಕೊಂಡು ತಂದ ದಿನವೇ ಮಳೆ ಹಿಡಿಯುತ್ತದೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಒದ್ದೆ ಗೋಡೆ, ಹಬ್ಬಕ್ಕೆ ಉಳಿದದ್ದು ಕೆಲವೇ ದಿನ. ಮಾವನವರು ನಡುಮನೆಯ ಟೇಬಲ್ ಫ್ಯಾನು ಎತ್ತಿಕೊಂಡು ಹೋಗಿ ಗೋಡೆಗೆ ಹಿಡಿದರು. ಅದು ಸಾಲದೆಂದು ಬಾಣಲೆಯಲ್ಲಿ ಕೆಂಡ ತುಂಬಿ ಕಾವು ಕೊಟ್ಟರು. ಯಾರೋ ಹೇಳಿದರೆಂದು ಸಾಂಬ್ರಾಣಿ ಹೊಗೆಯನ್ನೂ ಹಾಕಿದರು. ಶೀತಗಾಳಿ ಬರಬಾರದೆಂದು ಕಿಟಕಿಗೆ ಕಂಬಳಿ ಕಟ್ಟಿದರು. ಅತ್ತೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ ಒಂದೇ ಮಾತು ಹೇಳಿದರು.

"ಬಾಣಂತನ್ದಲ್ಲಿ ನಂಗೂ ಇಷ್ಟು ಮಾಡಿರ್ಲಿಲ್ಲ ನೀವು."

ಮಾವನವರು ಕೆಂಡಕ್ಕೆ ಇನ್ನೊಂದು ಸಲ ಗಾಳಿ ಹಾಕಿದರು. ಗೋಡೆ ಮೆಲ್ಲಗೆ ಒಣಗುತ್ತ ಬಂತು.

ಆ ದಿನಗಳಲ್ಲಿ ನಮ್ಮ ಸ್ನಾನವೆಲ್ಲ ಬಾಡಿಗೆಯವರ ಮನೆಗಳಲ್ಲಿ. ಮನೆ ಯಜಮಾನರೆಂದರೆ ಎದ್ದು ನಿಲ್ಲುತ್ತಿದ್ದ ಹುಡುಗರ ಬಾಗಿಲಲ್ಲಿ ಮಾವನವರು ಹೆಗಲಿಗೆ ಟವೆಲು, ಕೈಯಲ್ಲಿ ಸೋಪಿನ ಡಬ್ಬಿ ಹಿಡಿದು ಸರದಿಗೆ ನಿಲ್ಲುತ್ತಿದ್ದರು. ಆ ಹುಡುಗರ ಬಚ್ಚಲ ಚಿಲಕ ಸರಿಯಿಲ್ಲ, ಬೇಸಿನ್ನಿಗೆ ನೀರೇರುವುದಿಲ್ಲ, ಬಲ್ಬು ಹೋಗಿದೆ ಎಂದು ಅವರಿಗೆ ಆಗಲೇ ಗೊತ್ತಾದದ್ದು. ಎಷ್ಟೋ ದಿನದಿಂದ ಹುಡುಗರು ಹೇಳುತ್ತಲೇ ಇದ್ದ ರಿಪೇರಿಗಳೆಲ್ಲ ಒಂದು ವಾರದಲ್ಲಿ ಆಗಿಹೋದವು. ಅಂಕಲ್ ಇನ್ನೊಂದು ತಿಂಗಳು ಹೀಗೇ ಬಂದು ಹೋಗುತ್ತಿರಲಿ ಎಂದು ಅವರಲ್ಲೊಬ್ಬ ನನ್ನ ಹತ್ತಿರವೇ ಹೇಳಿದ.

ಒಂದು ಮಧ್ಯಾಹ್ನ ಕೆಂಡ ಆರಿತೇನೋ ಎಂದು ನೋಡಲು ಹೋದೆ. ಟಬ್ಬು ಬರಿದಾಗಿದ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲೇ ಇಲ್ಲ. ಆ ಬರಿದಾದ, ಒಣಗಿದ ಟಬ್ಬಿನೊಳಗೆ ಮಾವನವರು ಪಂಚೆ ಅಂಗಿಯಲ್ಲೇ ಕಾಲು ಚಾಚಿ ಮಲಗಿದ್ದರು. ಎದೆಯ ಮೇಲೆ ಕನ್ನಡ ಪೇಪರು, ಕಣ್ಣು ಮುಚ್ಚಿತ್ತು. ನನ್ನ ಹೆಜ್ಜೆ ಕೇಳಿ, ಕಣ್ಣು ತೆರೆಯದೆಯೇ, ಗೋಡೆ ಕಾಯುತ್ತಿದ್ದೇನೆ ಎಂದರು. ನನಗೆ ನಗು ತಡೆಯಲಾಗದೆ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಷ್ಟೊಂದು ಆಸೆ ಏಕೆ ಬಂತು ಮಾವ ಎಂದು ಕೇಳಿದೆ. ಅವರು ಪೇಪರು ಮಡಿಸಿ ಪಕ್ಕಕ್ಕಿಟ್ಟರು.

"ಆ ಬಂಗ್ಲೆ ಚಾವಣಿ ತೆಗ್ದಿದ್ರಮ್ಮ. ಇದ್ರೊಳಗೆ ಮಳೆನೀರು ನಿಂತಿತ್ತು. ಜಮೀನು ಕಾಗದಕ್ಕೆ ಅಂತ ತಿಂಗಳುಗಟ್ಲೆ ಆಫೀಸಿಂದ ಆಫೀಸಿಗೆ ಅಲ್ದಿದ್ದ ಕಾಲು. ಯಾರೂ ಇಲ್ವಲ್ಲ ಅಂತ ಎರಡೂ ಕಾಲು ಒಳಗಿಟ್ಟೆ. ಇಟ್ಟ ಮೇಲೆ ಬಿಟ್ ಬರಕ್ಕಾಗ್ಲಿಲ್ಲ."

ಅಷ್ಟು ಹೇಳಿ, ನಿಮ್ಮತ್ತೆಗೆ ಹೇಳಬೇಡ ಎಂದರು. ನಾನು ಹೇಳಲಿಲ್ಲ. ಆದರೆ ಸಂಜೆ ಹಬ್ಬದ ಕಜ್ಜಾಯಕ್ಕೆ ಅಕ್ಕಿ ಕುಟ್ಟುವಾಗ, ಬಾನಿ ಎಂದು ಏಕೆ ಕರೆಯುತ್ತೀರಿ ಎಂದು ಅತ್ತೆಯನ್ನು ಸುಮ್ಮನೆ ಕೆಣಕಿದೆ. ಈಗ ಟಬ್ಬಿರುವ ಜಾಗದಲ್ಲಿ ಹಿಂದೆ ಕೊಟ್ಟಿಗೆಯಿತ್ತಂತೆ. ಅವರ ಎಮ್ಮೆ ಕಾಳಿಯ ಬಾನಿ ಇದ್ದದ್ದು ಸರಿಯಾಗಿ ಅಲ್ಲೇ. ಕೊಟ್ಟಿಗೆ ಕೆಡವುವ ಮುಂಚಿನ ದಿನ ಕೊಂಡವರು ಬಂದು ಕಾಳಿಯನ್ನು ಹೊಡೆದುಕೊಂಡು ಹೋದರು. ಅದನ್ನು ದಿನಾ ಕೆರೆಗೆ ಒಯ್ದು ಮೈ ತಿಕ್ಕುತ್ತಿದ್ದವರು ಅತ್ತೆ. ನೀರಿಗಿಳಿದರೆ ಏಳುತ್ತಿರಲಿಲ್ಲವಂತೆ, ದಡದಲ್ಲಿ ನಿಂತು ಹೊತ್ತು ಮುಳುಗುವವರೆಗೆ ಕರೆಯಬೇಕಿತ್ತಂತೆ. ಇದನ್ನು ಹೇಳುವಾಗ ಅವರ ಒನಕೆ ನಿಂತಿತ್ತು. ಆಮೇಲೆ, ಹಿಟ್ಟು ದಪ್ಪ ಆಯ್ತು ನೋಡು, ಎಂದು ನನ್ನ ಮೇಲೆ ರೇಗಿದರು. ಇಬ್ಬರ ಗುಟ್ಟೂ ಒಂದೇ ದಿನ ನನ್ನ ಹೊಟ್ಟೆ ಸೇರಿ, ರಾತ್ರಿ ಊಟವೇ ಇಳಿಯಲಿಲ್ಲ.

ಶರಣಪ್ಪ ಹಲಗೆಗಳನ್ನು ನಿಲ್ಲಿಸಿದ್ದು ನೀರು ತುಂಬುವ ಹಬ್ಬದ ದಿನ ಮಧ್ಯಾಹ್ನ. ಮೂರು ಗೋಡೆಗೆ ಮೂರು ಹಲಗೆ, ಹಾಲಿನ ಕೆನೆಯ ಬಣ್ಣ. ಮೂಲೆಗಳನ್ನು ಬೆಸೆದು ಉಜ್ಜಿದ ಮೇಲೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಕಣ್ಣಿಗೆ ಬೀಳುತ್ತಿರಲಿಲ್ಲ. ಮಾವನವರು ಗೋಡೆಗೆ ಕೈಯಾಡಿಸುತ್ತ ಈ ತುದಿಯಿಂದ ಆ ತುದಿಗೆ ನಡೆದರು. ಕರಾರಿನಲ್ಲಿ ಗೆದ್ದಾಯಿತು, ಟಬ್ಬು ಉಳಿಯಿತು ಎಂದು ನಾವೆಲ್ಲ ಅಂದುಕೊಳ್ಳುವಾಗ ಶರಣಪ್ಪ ಸಾಮಾನು ಕಟ್ಟುತ್ತ ಬಾಂಬು ಹಾಕಿದ. ನಾಳೆ ಮಧ್ಯಾಹ್ನದವರೆಗೆ ಗೋಡೆಗೆ ಒಂದು ಹನಿ ನೀರು ತಾಗಬಾರದು. ಅಂಟು ಕೂರಬೇಕು.

ನಾಳೆ ಬೆಳಗ್ಗೆ ಎಣ್ಣೆ ಸ್ನಾನ. ಸ್ಟೂಲಿನ ಮೇಲೆ ಕೂತು ಚೊಂಬಿನಲ್ಲಿ ಹುಯ್ದುಕೊಂಡರೆ ನೀರು ಸೀದಾ ಗೋಡೆಗೆ ಹಾರುತ್ತದೆ. ನಮ್ಮ ಮನೆಯವರು ಸ್ನಾನ ಮಾಡುವ ರಭಸಕ್ಕೆ ಸೂರಿಗೂ ಹಾರುತ್ತದೆ. ಅತ್ತೆಯ ಮುಖದಲ್ಲಿ ಕನಕಾಂಬರ ಅರಳಿತು. ಬಚ್ಚಲು ಬಂದಿದೆ, ಆದರೆ ಸ್ನಾನ ಮಾಡುವ ಹಾಗಿಲ್ಲ. ಅಂದರೆ ಬಂದ ಹಾಗಾಯಿತೋ ಇಲ್ಲವೋ ಎಂದು ಕೇಳಿದರು. ಹಿತ್ತಲಲ್ಲಿ ಮಾಡಿಬಿಡುತ್ತೇನೆ ಎಂದ ಮಾವನವರಿಗೆ, ಮೊದಲ ನೀರು ತುಂಬಿದ ಜಾಗದಲ್ಲೇ ಆಗಬೇಕು ಎಂದು ನೆನಪಿಸಿದರು. ಮೇಲೆ ಮಳೆಯನ್ನೂ ತೋರಿಸಿದರು. ಮಾವನವರು ಟಬ್ಬಿನ ಅಂಚಿನ ಮೇಲೆ ಕುಕ್ಕರಿಸಿದರು. ಅವರ ಕೈ ಇನ್ನೂ ಗೋಡೆಯ ಮೇಲೇ ಇತ್ತು. ಆಗ ಶರಣಪ್ಪ ಬೈಕಿನ ಕೀಲಿ ಹುಡುಕುತ್ತ, ಏನೂ ಯೋಚನೆಯಿಲ್ಲದೆ ಅಂದ:

"ಹೊರಗ ಕುಂತು ಹುಯ್ಕೊಂಡ್ರ ಸಿಡೀತೈತ್ರಿ. ಒಳಗ ಇಳದು ಮಕ್ಕೊಂಡ್ರ ಗ್ವಾಡಿಗೆ ಎಲ್ಲಿ ತಾಗ್ತೈತ್ರಿ?"

ಮಾವನವರು ಅತ್ತೆಯ ಕಡೆ ನೋಡುವ ಧೈರ್ಯ ಮಾಡದೆ ನಲ್ಲಿಯ ಕಡೆ ನೋಡಿದರು. ಅತ್ತೆ, ಹೊತ್ತಾಯಿತು ಹಾಗಲಬಳ್ಳಿ ಕೊಯ್ದುಕೊಂಡು ಬಾ ಎಂದು ನನಗೆ ಹೇಳಿದರು. ಅದು ಹೂಂ ಎಂದೋ ಉಹೂಂ ಎಂದೋ ನನಗೆ ತಿಳಿಯಲಿಲ್ಲ. ಮಾವನವರಿಗೂ ತಿಳಿಯಲಿಲ್ಲ.

ನಾನು ಪಕ್ಕದ ಮನೆಯ ಬೇಲಿಯಿಂದ ಬಳ್ಳಿ ಕೊಯ್ದು, ಅಲ್ಲಿ ನಾಲ್ಕು ಮಾತಾಡಿ, ತಿರುಗಿ ಬರುವಷ್ಟರಲ್ಲಿ ಅತ್ತೆ ಬಚ್ಚಲಲ್ಲಿದ್ದರು. ಒಂದು ಕೈಯಲ್ಲಿ ಸುಣ್ಣದ ಚಿಪ್ಪು, ಇನ್ನೊಂದು ಕೈಯಲ್ಲಿ ಕೆಮ್ಮಣ್ಣಿನ ಚಿಪ್ಪು. ಟಬ್ಬಿಗೆ ಬಳಿದಾಗಿತ್ತು. ಟಬ್ಬು ಮುಗಿದ ಮೇಲೆ ಕೈ ನಿಲ್ಲಬೇಕಲ್ಲ, ನಿಂತಿರಲಿಲ್ಲ. ಆ ಹೊಸ ಗೋಡೆಯ ಮೇಲೆ, ಸಂದಿಲ್ಲ ಗೆರೆಯಿಲ್ಲ ಎಂದು ನಾವು ಅಷ್ಟು ಕಷ್ಟಪಟ್ಟು ಹಾಕಿಸಿದ ಗೋಡೆಯ ಮೇಲೆ, ಉದ್ದಕ್ಕೂ ಒಂದು ಕೆಂಪು ಗೆರೆ ಒಂದು ಬಿಳಿ ಗೆರೆ, ಮತ್ತೊಂದು ಕೆಂಪು ಗೆರೆ ಎಳೆಯುತ್ತ ಹೋಗಿದ್ದರು. ಅಲ್ಲಲ್ಲಿ ಬೆರಳಲ್ಲದ್ದಿದ ಅರಿಶಿನದ ಬೊಟ್ಟು. ನಲ್ಲಿಗೆಂದು ಕೊರೆದಾಗ ಬಿದ್ದಿದ್ದ ಬಿಲ್ಲೆಯನ್ನೂ ಬಿಡದೆ, ಅದಕ್ಕೂ ಅರಿಶಿನ ಹಚ್ಚಿ ಅದರ ಮೇಲೆ ದೀಪ ಇಟ್ಟಿದ್ದರು. ನನ್ನ ಕೈಯಿಂದ ಬಳ್ಳಿ ಬಿದ್ದುಹೋಯಿತು. ಹನಿ ನೀರು ತಾಗಬಾರದ ಗೋಡೆಗೆ ಒಂದು ಚಿಪ್ಪು ಸುಣ್ಣದ ನೀರು. ಅತ್ತೆ ತಿರುಗಿ ನೋಡಿ, ಬೋಳು ಗೋಡೆಯಿಟ್ಟುಕೊಂಡು ಹಬ್ಬ ಮಾಡುತ್ತಾರೇನಮ್ಮ ಎಂದರು. ನಾನು ನಗಲು ಶುರುಮಾಡಿದವಳು ಟಬ್ಬಿನ ಕಟ್ಟೆ ಹಿಡಿದು ಕೂತೆ. ನಗುವ ಶಬ್ದಕ್ಕೆ ಮಾವನವರು ಬಂದರು. ಸಿಡಿಯುತ್ತಾರೆಂದು ನಾನು ಕಾದೆ. ಅವರು ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಈಗ ನಮ್ಮನೆ ಬಚ್ಚಲು ಅನ್ನಿಸಿತು ಎಂದರು. ಬೇಡದ ಟಬ್ಬಿಗೆ ಯಾರೂ ಇಷ್ಟು ಸಿಂಗಾರ ಮಾಡುವುದಿಲ್ಲ ಎಂದು ನನಗೆ ಹೊಳೆದದ್ದು ಆಗ. ಅಂಟಿಗೂ ಏನೂ ಆಗಲಿಲ್ಲ. ಹಬ್ಬ ಮುಗಿದ ಮೇಲೆ ತೊಳೆದಾಗ ಕೆಮ್ಮಣ್ಣು ಹೋಯಿತು, ಸುಣ್ಣ ಹೋಯಿತು, ಅರಿಶಿನ ಮಾತ್ರ ಉಳಿಯಿತು. ಉಜ್ಜಿ ತೆಗೆದುಕೊಡುತ್ತೇನೆಂದು ಶರಣಪ್ಪ ಬಂದರೆ ಮಾವನವರೇ ಬೇಡ ಎಂದು ಕಳಿಸಿದರು.

ಬೆಳಗಿನ ಜಾವ ಅತ್ತೆ ಮಾವನವರ ತಲೆಗೆ ಎಣ್ಣೆ ಒತ್ತಿದರು. ಪಟಾಪಟಿ ಚಡ್ಡಿಯಲ್ಲಿ, ಮೈಯೆಲ್ಲ ಮಿರಿಮಿರಿ ಮಿಂಚುತ್ತ, ಮಾವನವರು ಟಬ್ಬಿನ ಮುಂದೆ ನಿಂತರು. ಒಲೆಯ ಮೇಲಿನ ಹಂಡೆಯ ಬಿಸಿನೀರನ್ನು ಅತ್ತೆಯೇ ಟಬ್ಬಿಗೆ ಬೆರೆಸಿ, ಕೈಯ ಹಿಂಬದಿಯಿಂದ ಹದ ನೋಡಿದರು. ಆಮೇಲೆ ನೀಲಿ ಸ್ಟೂಲು ಎಳೆದುಕೊಂಡು ಕೂತರು. ಇಷ್ಟು ವರ್ಷ ಮಾವನವರು ಕೂತ ಸ್ಟೂಲು ಅದು. ಮಾವನವರು ಒಂದು ಕಾಲು ಎತ್ತಿದರು. ಎಮ್ಮೆಯ ಮಾತು ಬರಲಿಲ್ಲ. ಇನ್ನೊಂದು ಕಾಲನ್ನೂ ಇಟ್ಟರು. ಗೋಡೆಗೆ ನೀರು ಹಾರದಂತೆ ಇಂಚಿಂಚಾಗಿ ಕೂತು, ಇಂಚಿಂಚಾಗಿ ಜಾರಿ, ಗದ್ದದವರೆಗೆ ಮುಳುಗಿದರು. ಅವರ ಬಾಯಿಂದ ಒಂದು ಉಸಿರು ಬಂತು. ಅಂಥ ಉಸಿರನ್ನು ನಾನು ಯಾರಿಂದಲೂ ಕೇಳಿಲ್ಲ.

ಬಕೆಟ್ಟಿನಲ್ಲಿ ಇನ್ನಷ್ಟು ಬಿಸಿನೀರು ತರಲು ನಾನು ಹೋದೆ. ತಿರುಗಿ ಬರುವಾಗ ಅತ್ತೆ ತೆಂಗಿನನಾರಿನಲ್ಲಿ ಅವರ ಬೆನ್ನು ತಿಕ್ಕುತ್ತಿದ್ದರು. ಕೊರಳ ಹಿಂದಿನಿಂದ ಶುರುಮಾಡಿ, ಬೆನ್ನೆಲುಬಿನ ಎರಡೂ ಕಡೆ ಉದ್ದುದ್ದಕ್ಕೆ. ಯಾವುದೋ ರೂಢಿಯಿದ್ದ ಕೈ. ಹೊರಗೆ ಬೀದಿಯಲ್ಲಿ ಮೊದಲ ಪಟಾಕಿ ಸಿಡಿಯಿತು. ಇನ್ನು ಸಾಕು ಏಳಿ, ಎಲ್ಲರೂ ಕಾಯುತ್ತಿದ್ದಾರೆ ಎಂದರು ಅತ್ತೆ. ಮಾವನವರು ಏಳಲಿಲ್ಲ. ಇನ್ನೊಮ್ಮೆ ಕರೆದರು. ಅವರು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು. ಆಗ ಅತ್ತೆ ಬಾಯಿಂದ ಬೇರೊಂದು ಕೂಗು ಬಂತು. ಕೆರೆಯ ದಡದಲ್ಲಿ ನಿಂತು ಕೂಗುವ, ಉದ್ದನೆಯ, ಕೊನೆಗೆ ಮೇಲೇರುವ ಕೂಗು. ಕೂಗಿದ ಮೇಲೆ ಅವರೇ ಬೆಚ್ಚಿದರು.

"ಕಾಳೀನೂ ಹಿಂಗೇ. ಕರದ್ರೂ ಏಳ್ತಿರ್ಲಿಲ್ಲ" ಎಂದರು, ತಮಗೆ ತಾವೇ ಎಂಬಂತೆ.

"ಏಳಲ್ಲ" ಎಂದರು ಮಾವನವರು ನೀರೊಳಗಿಂದ.

ನಾನು ಬಕೆಟ್ಟನ್ನು ಹೊಸ್ತಿಲಲ್ಲೇ ಇಟ್ಟು ಬಾಗಿಲು ಎಳೆದುಕೊಂಡೆ. ಎಳೆಯುವಾಗ ಸಂದಿನಲ್ಲಿ ಕಂಡಷ್ಟೇ ನನ್ನ ಪಾಲಿಗೆ ಬಂದದ್ದು. ಅತ್ತೆ ಸ್ಟೂಲನ್ನು ಟಬ್ಬಿನ ಹತ್ತಿರಕ್ಕೆ ಸರಿಸಿದರು. ಸೀರೆಯ ನಿರಿಗೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿದರು. ಬಾಗಿಲು ಮುಚ್ಚಿದ ಮೇಲೆ ಒಳಗಿಂದ ಅವರ ದನಿ ಕೇಳಿಸಿತು.

"ಒಸಿ ಅತ್ಲಾಗ್ ಸರ್ಕೊಳ್ಳಿ. ಕಾಲಿಡಾಕೆ ಜಾಗ ಬ್ಯಾಡ್ವಾ?"